ಮೋಟಾರು ಸೈಕಲ್ಲಿನಲ್ಲಿ ಇಬ್ಬರ ಪ್ರಯಾಣ

ನಮ್ಮ ಹೊಸಕೋಟೆಯ ಸೀಮೆಯಲ್ಲಿ ಈಗ ಮೋಟಾರು ಸೈಕಲ್ಲು ಇಲ್ಲದ ಮನೆಯನ್ನು ಹುಡುಕಿ ತೆಗೆಯಬೇಕಾಗಿದೆ. ಮುಂಜಾನೆ ಹಾಲಿನ ಕ್ಯಾನುಗಳನ್ನು ಡೈರಿಗೆ ಮುಟ್ಟಿಸುವುದೂ ಅದೇ. ಹೂವಿನ ಮೂಟೆಯನ್ನು ಮಾರುಕಟ್ಟೆಗೆ ಒಯ್ಯುವುದೂ ಅದೇ. ಮಗುವನ್ನು ಶಾಲೆಗೂ, ಗೃಹಿಣಿಯನ್ನು ತವರಿಗೂ, ವೃದ್ಧರನ್ನು ವೈದ್ಯರಲ್ಲಿಗೂ ಕರೆದೊಯ್ಯುವುದೂ ಅದೇ. ಹಿಂದೆ ಎತ್ತಿನ ಬಂಡಿಯು ಗೃಹಸ್ಥನ ಸಂಸಾರದಲ್ಲಿ ಯಾವ ಸ್ಥಾನವನ್ನು ಪಡೆದಿದ್ದಿತೋ ಆ ಸ್ಥಾನವನ್ನೇ ಈ ವಾಹನವು ಇಂದು ಪಡೆದಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ಬಂಡಿಗೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಬಂಡಿಯು ನೆಟ್ಟಗೆ ನಿಂತೇ ತಿರುಗುವುದು. ದ್ವಿಚಕ್ರ ವಾಹನವಾದರೋ ಒಂದು ಪಕ್ಕಕ್ಕೆ ವಾಲದೆ ತಿರುಗಲಾರದು. ವಾಲಿದಾಗ ಅದರ ತಳಭಾಗವು ನೆಲಕ್ಕೆ ಸಮೀಪವಾಗುವುದು. ಹಿಂದೆ ಒಬ್ಬರು ಕುಳಿತಿದ್ದರಂತೂ ಆ ಸಾಮೀಪ್ಯವು ಮತ್ತಷ್ಟು ಹೆಚ್ಚುವುದು. ಇಷ್ಟು ಸಣ್ಣ ವಿಷಯವನ್ನು ನಾವು ಅರಿಯಬೇಕಾದರೆ ನಮ್ಮ ಮನೆಯವರ ಮಣಿಕಟ್ಟಿನ ಮೂಳೆಯು ಮುರಿಯಬೇಕಾಯಿತು. ಆ ಪ್ರಸಂಗವನ್ನೇ ಮೊದಲು ಹೇಳುವೆವು.

2011ನೆಯ ಇಸವಿಯ ಕಾರ್ತಿಕ ಮಾಸದಲ್ಲಿ ಒಂದು ದಿನ ನಾವಿಬ್ಬರೂ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಹೋಗಿದ್ದೆವು. ಬೆಟ್ಟದ ಎತ್ತರವು ಸಮುದ್ರಮಟ್ಟಕ್ಕಿಂತ 1478 ಮೀಟರು. ಅದರ ಹಾದಿಯ ಸುತ್ತುಗಳು ನಮಗೆ ಹೊಸವೇನೂ ಆಗಿರಲಿಲ್ಲ. ಶಾಲೆಯ ಮಿತ್ರರೊಡನೆ ಒಬ್ಬೊಬ್ಬರು ಒಂದೊಂದು ಗಾಡಿಯ ಮೇಲೆ ಎಷ್ಟೋ ಸಲ ಹತ್ತಿ ಇಳಿದಿದ್ದೆವು. ಇಳಿಯುವಾಗ ಎಡಕ್ಕೆ ಹೊರಳುವ ಒಂದು ಬಿಗಿಯಾದ ತಿರುವಿನಲ್ಲಿ, ಎಂದಿನ ವೇಗದಲ್ಲಿಯೇ ಗಾಡಿಯನ್ನು ವಾಲಿಸಿದೆವು. ಕೆಳಗಿನಿಂದ ಗರ್ರೆಂದು ಕಬ್ಬಿಣವು ಕಲ್ಲಿಗೆ ಉಜ್ಜಿದ ಸದ್ದು ಕೇಳಿಸಿತು. ಹಿಂದಿನ ಚಕ್ರವು ಯಾರೋ ಪಕ್ಕಕ್ಕೆ ತಳ್ಳಿದಂತೆ ಸರಿಯಿತು. ಮರುಕ್ಷಣದಲ್ಲಿ ನಾವಿಬ್ಬರೂ ನೆಲದ ಮೇಲಿದ್ದೆವು. ನಮಗೆ ಮೊಣಕಾಲು ತರಚಿತು. ಅವರು ಎಡಗೈಯನ್ನು ಊರಿ ಬಿದ್ದುದರಿಂದ ಮಣಿಕಟ್ಟು ಮುರಿದು ಆರು ವಾರ ಪಟ್ಟಿಯಲ್ಲಿ ಇರಬೇಕಾಯಿತು. ತಲೆಗೆ ಪೆಟ್ಟಾಗಲಿಲ್ಲವೆಂಬುದು ಕೇವಲ ದೈವಕೃಪೆ. ಏಕೆಂದರೆ ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಇರಲೇಬೇಕೆಂಬ ಕಟ್ಟುನಿಟ್ಟು ನಮ್ಮ ರಾಜ್ಯದಲ್ಲಿ ಬಂದುದು 2016ರ ಜನವರಿಯಲ್ಲಿ, ನಾವಾದರೋ ಕಾಯಿದೆಯು ಹೇಳಿದಷ್ಟನ್ನು ಮಾತ್ರ ಮಾಡುವವರ ಪೈಕಿ ಆಗಿದ್ದೆವು.

ಮರಳಿ ಬಂದ ಮೇಲೆ ರಸ್ತೆಯ ಮೇಲಿನ ಮರಳನ್ನು ದೂಷಿಸಿದೆವು. ಸವೆದ ಟಯರನ್ನು ದೂಷಿಸಿದೆವು. ನಮ್ಮೂರಿನ ಮೆಕ್ಯಾನಿಕ್ಕು ಗಾಡಿಯನ್ನು ಮಲಗಿಸಿ ನೋಡಿ, ಸೀರೆ ಗಾರ್ಡಿನ ಕೆಳಗೆ ಹೆಂಗಸರು ಕಾಲಿಡುವುದಕ್ಕಾಗಿ ಇರುವ ತಗಡಿನ ಅಂಚನ್ನು ತೋರಿಸಿದನು. ಅದು ಬೆಳ್ಳಿಯಂತೆ ಹೊಳೆಯುತ್ತಿದ್ದಿತು. “ಮೇಷ್ಟ್ರೇ, ಗಾಡಿ ತಾನಾಗಿ ಜಾರಿಲ್ಲ. ಈ ಪ್ಲೇಟು ನೆಲಕ್ಕೊತ್ತಿ ಹಿಂದ್ಲ ಚಕ್ರಾನ ಎತ್ತಾಕೈತೆ” ಎಂದನು. ಮಡಚಿಕೊಳ್ಳತಕ್ಕ ಆ ತಗಡಿನ ಕೀಲು ಹಿಂದೊಮ್ಮೆ ಸಡಿಲವಾಗಿ ಗಲಗಲ ಎನ್ನುತ್ತಿದ್ದುದರಿಂದ ನಾವೇ ಅದಕ್ಕೆ ಬೆಸುಗೆ ಹಾಕಿಸಿದ್ದೆವು. ಕೀಲಿದ್ದಿದ್ದರೆ ಅದು ನೆಲಕ್ಕೆ ತಾಕಿದೊಡನೆ ಮೇಲಕ್ಕೆ ಮಡಚಿಕೊಂಡು, ಸದ್ದಿನಿಂದ ನಮ್ಮನ್ನು ಎಚ್ಚರಿಸಿ ಸುಮ್ಮನಾಗುತ್ತಿದ್ದಿತು. ಬೆಸೆದ ಕಬ್ಬಿಣವು ಬಗ್ಗದೆ, ಸನ್ನೆಕೋಲಿನಂತೆ ನಿಂತು ಚಕ್ರವನ್ನೇ ಎತ್ತಿತು. ಮನೆಯವರು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಆನಿಸಿಕೊಂಡು ಇದನ್ನೆಲ್ಲ ಕೇಳಿ, “ಹಾಗಾದರೆ ನೀವು ಒಬ್ಬರೇ ಹೋಗುವ ವೇಗದಲ್ಲಿಯೇ ನನ್ನನ್ನೂ ಕರೆದುಕೊಂಡು ಹೋದಿರಿ, ಅಷ್ಟೇ ತಾನೆ?” ಎಂದರು. ಹನ್ನೆರಡು ವರ್ಷ ಶಾಸ್ತ್ರಪಾಠ ಹೇಳಿಸಿಕೊಂಡ ನಮಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಈ ಮಾತು ನಮ್ಮ ಮನಸ್ಸಿನಲ್ಲಿ ಕೊರೆಯತೊಡಗಿತು. ನಮ್ಮ ಶಾಲೆಯಲ್ಲಿ ಗಣಿತದ ಉಪಾಧ್ಯಾಯರಾಗಿದ್ದ ಮಿತ್ರರ ಬಳಿಗೆ ಹೋಗಿ, ಇಬ್ಬರು ಕುಳಿತರೆ ತೂಕ ಹೆಚ್ಚುವುದರಿಂದ ಗಾಡಿಯು ಹೆಚ್ಚಾಗಿ ವಾಲಬೇಕಾಗುವುದೋ ಎಂದು ಕೇಳಿದೆವು. ಅವರು ನಕ್ಕು, ಹಾಗಲ್ಲವೆಂದರು. ತಿರುವಿನಲ್ಲಿ ಎಷ್ಟು ವಾಲಬೇಕೆಂಬುದು ಎರಡನ್ನು ಮಾತ್ರ ಅವಲಂಬಿಸಿದೆ: ಒಂದು ವೇಗ, ಇನ್ನೊಂದು ತಿರುವಿನ ತ್ರಿಜ್ಯ. ತೂಕವು ಹೊರಕ್ಕೆ ಎಳೆಯುವ ಬಲವನ್ನೂ ಕೆಳಕ್ಕೆ ಎಳೆಯುವ ಬಲವನ್ನೂ ಸಮನಾಗಿಯೇ ಹೆಚ್ಚಿಸುವುದರಿಂದ ಲೆಕ್ಕದಲ್ಲಿ ಅದು ಹೊಡೆದುಹೋಗುವುದು. ಹತ್ತು ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿಲೋಮೀಟರಿನಂತೆ ಹೋದರೆ ಸುಮಾರು ಹದಿನೇಳೂವರೆ ಡಿಗ್ರಿ ವಾಲಬೇಕು. 25ರಲ್ಲಿ 26 ಡಿಗ್ರಿ. 30ರಲ್ಲಿ 35 ಡಿಗ್ರಿ. ಸವಾರನು ಒಬ್ಬನೇ ಇದ್ದರೂ ಇಷ್ಟೇ, ಹಿಂದೆ ಒಬ್ಬರಿದ್ದರೂ ಇಷ್ಟೇ. ವೇಗದ ವರ್ಗವು ಲೆಕ್ಕಕ್ಕೆ ಬರುವುದರಿಂದ, ನೋಟಕ್ಕೆ ಅಲ್ಪವಾದ ಐದು ಕಿಲೋಮೀಟರು ಇಷ್ಟೊಂದು ವ್ಯತ್ಯಾಸ ಮಾಡುವುದು.

ಹಾಗಾದರೆ ದೋಷವೆಲ್ಲಿ? ವಾಲಬೇಕಾದ ಕೋನವು ಬದಲಾಗದು. ವಾಲಲು ಇರುವ ಅವಕಾಶವು ಬದಲಾಗುವುದು. ಹಿಂದಿನ ಆಸನವು ಹಿಂದಿನ ಚಕ್ರಕ್ಕೆ ಬಹು ಹತ್ತಿರವಾಗಿರುವುದರಿಂದ ಅಲ್ಲಿ ಕುಳಿತವರ ತೂಕವೆಲ್ಲ ಹೆಚ್ಚು ಕಡಿಮೆ ಹಿಂದಿನ ಸ್ಪ್ರಿಂಗುಗಳ ಮೇಲೆಯೇ ಬೀಳುವುದು. ಸ್ಪ್ರಿಂಗು ಕುಗ್ಗುವುದು, ಗಾಡಿಯ ಹಿಂಭಾಗ ಇಳಿಯುವುದು, ಅದರೊಡನೆ ಸ್ಟ್ಯಾಂಡು, ಸೈಲೆನ್ಸರು, ಕಾಲಿಡುವ ತಗಡು ಎಲ್ಲವೂ ಇಳಿಯುವುವು. ನಮ್ಮ ಮಿತ್ರರು ತಾವೇ ಶಾಲೆಯ ಅಳತೆಪಟ್ಟಿಯನ್ನು ಹಿಡಿದು ನಮ್ಮ ಅಂಗಳಕ್ಕೆ ಬಂದರು. ತಗಡಿನ ಹೊರ ಅಂಚು ಗಾಡಿಯ ನಡುರೇಖೆಯಿಂದ 38 ಸೆಂಟಿಮೀಟರು ಹೊರಗಿದ್ದಿತು. ನಾವೊಬ್ಬರೇ ಕುಳಿತಾಗ ಅದು ನೆಲದಿಂದ 22 ಸೆಂಟಿಮೀಟರು ಮೇಲಿದ್ದಿತು. ಮನೆಯವರೂ ಏರಿ ಕುಳಿತಾಗ 17ಕ್ಕೆ ಇಳಿಯಿತು. ಸ್ಥೂಲವಾದ ಲೆಕ್ಕದಲ್ಲಿ, ಮೊದಲಿನ ಸ್ಥಿತಿಯಲ್ಲಿ ಗಾಡಿಯು 30 ಡಿಗ್ರಿ ವಾಲುವವರೆಗೂ ತಗಡು ನೆಲವನ್ನು ಮುಟ್ಟದು. ಎರಡನೆಯ ಸ್ಥಿತಿಯಲ್ಲಿ 24ಕ್ಕೇ ಮುಟ್ಟುವುದು. ವಾಚಕರು ಈಗ ಆ ತಿರುವನ್ನು ಮತ್ತೆ ನೆನೆಯಬಹುದು. ಗಂಟೆಗೆ 25 ಕಿಲೋಮೀಟರಿಗೆ 26 ಡಿಗ್ರಿ ಬೇಕು. ಒಬ್ಬರೇ ಇದ್ದಾಗ ನಾಲ್ಕು ಡಿಗ್ರಿ ಉಳಿಯುತ್ತಿದ್ದಿತು. ಇಬ್ಬರಿದ್ದಾಗ ಎರಡು ಡಿಗ್ರಿ ಸಾಲದೆ ಹೋಯಿತು. ಇಪ್ಪತ್ತರಲ್ಲಿ ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಸೂಕ್ಷ್ಮವನ್ನೂ ಅವರು ತೋರಿಸಿದರು. ತಿರುವಿನಲ್ಲಿ ವಾಲಿದ ಗಾಡಿಯ ಸ್ಪ್ರಿಂಗುಗಳಿಗೆ ನಿಂತ ಗಾಡಿಯಲ್ಲಿದ್ದುದಕ್ಕಿಂತ ಹೆಚ್ಚು ಭಾರ ತಗಲುವುದು. 26 ಡಿಗ್ರಿಯಲ್ಲಿ ಅದು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಆದುದರಿಂದ ಅಂಗಳದಲ್ಲಿ ಅಳೆದ ಎತ್ತರವು ತಿರುವಿನಲ್ಲಿ ಪೂರ್ಣವಾಗಿ ಇರುವುದಿಲ್ಲ. ನಡುವೆ ಒಂದು ಗುಂಡಿಯಿದ್ದರಂತೂ ಹೇಳಲೇಬೇಕಾಗಿಲ್ಲ. ನಮ್ಮ ರಸ್ತೆಗಳಲ್ಲಿ ಗುಂಡಿಯಿಲ್ಲದ ತಿರುವು ಯಾವುದೆಂದು ತಿಳಿಸುವವರಿಗೆ ನಾವು ಕೃತಜ್ಞರಾಗಿರುವೆವು.

ಎಡಬಲಗಳ ಭೇದವನ್ನು ಸಹ ಇಲ್ಲಿ ವಿವೇಚಿಸತಕ್ಕದ್ದಾಗಿದೆ. ನಮ್ಮ ದೇಶದಲ್ಲಿ ರಸ್ತೆಯ ಎಡಭಾಗದಲ್ಲಿ ಸಂಚರಿಸುವುದಷ್ಟೆ. ಎಡಕ್ಕೆ ತಿರುಗುವವನು ತಿರುವಿನ ಒಳ ಅಂಚಿನಲ್ಲಿ ಹೋಗುವನು. ಬಲಕ್ಕೆ ತಿರುಗುವವನು ಹೊರ ಅಂಚಿನಲ್ಲಿ. ಅಂದರೆ ಎಡತಿರುವೇ ನಮಗೆ ಸದಾ ಹೆಚ್ಚು ಬಿಗಿ. ಹೀಗಿರಲು, ಗಾಡಿಯ ಎಡಮಗ್ಗುಲಿನಲ್ಲಿ ಏನೇನಿದೆಯೆಂದು ಎಣಿಸಿ ನೋಡಿರಿ. ಸೈಡ್ ಸ್ಟ್ಯಾಂಡು ಎಡಕ್ಕೆ. ಡಬಲ್ ಸ್ಟ್ಯಾಂಡನ್ನು ತುಳಿದು ಎತ್ತುವ ಕಾಲ್ಕೊಕ್ಕೆಯು ಎಡಕ್ಕೆ. ಸೀರೆ ಗಾರ್ಡೂ ಅದರ ತಗಡೂ ಎಡಕ್ಕೆ. ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತ ಗೃಹಿಣಿಯ ಮೊಣಕಾಲು, ಪಾದ, ಮಡಿಲ ಚೀಲ, ಎಲ್ಲವೂ ಎಡಕ್ಕೆ. ಎಲ್ಲಿ ಅವಕಾಶವು ಅತ್ಯಂತ ಹೆಚ್ಚಾಗಿ ಬೇಕೋ ಅಲ್ಲಿಯೇ ಅದು ಅತ್ಯಂತ ಕಡಮೆಯಾಗಿರುವುದು. ಬಲಮಗ್ಗುಲಿನಲ್ಲಿ ಸೈಲೆನ್ಸರು ಮತ್ತು ಬ್ರೇಕಿನ ಪೆಡಲು ಇವೆಯಾದರೂ ಬಲತಿರುವು ಸಾಮಾನ್ಯವಾಗಿ ವಿಶಾಲವಾದುದು. ಅಲ್ಲಿಯ ಭಯವು ಎದುರಿನಿಂದ ಬರುವ ಲಾರಿಯದು.

ಸೈಡ್ ಸ್ಟ್ಯಾಂಡಿನ ವಿಷಯವನ್ನು ಎಲ್ಲರೂ ಬಲ್ಲರು. ಅದನ್ನು ಮಡಚದೆ ಹೊರಟವನನ್ನು ಕಂಡರೆ ನಮ್ಮ ಜನರು ಪರಿಚಯ ಅಪರಿಚಯಗಳನ್ನು ಎಣಿಸದೆ “ಸ್ಟ್ಯಾಂಡು, ಸ್ಟ್ಯಾಂಡು!” ಎಂದು ಕೂಗುವರು. ಬೀದಿಯಲ್ಲಿ ಉಳಿದಿರುವ ಧರ್ಮಬುದ್ಧಿಗೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾವು ಕಂಡಿಲ್ಲ. ಇತ್ತೀಚಿನ ಅನೇಕ ಗಾಡಿಗಳಲ್ಲಿ ಸ್ಟ್ಯಾಂಡು ಇಳಿದಿದ್ದರೆ ಗೇರು ಹಾಕಿದೊಡನೆ ಇಂಜಿನ್ನು ನಿಂತುಹೋಗುವ ಏರ್ಪಾಡಿದೆ. ಹಳೆಯ ಗಾಡಿಯವರಿಗೆ ಕೂಗುವವರೇ ಗತಿ. ಆದರೆ ಇಳಿಬಿದ್ದ ಸ್ಟ್ಯಾಂಡನ್ನು ಕಾಣುವ ಕಣ್ಣಿಗೆ ಇಳಿದುಹೋದ ಸ್ಪ್ರಿಂಗು ಕಾಣುವುದಿಲ್ಲ. ಅದಕ್ಕಾಗಿ ಯಾರೂ ಕೂಗುವುದಿಲ್ಲ.

ಇನ್ನು ಪರಿಹಾರ. ಮನೆಯಲ್ಲಿ ಗಾಡಿಯುಳ್ಳ ಗೃಹಸ್ಥರು ಒಂದು ಭಾನುವಾರ ಅರ್ಧ ಗಂಟೆಯನ್ನು ಇದಕ್ಕಾಗಿ ಮೀಸಲಿಡಬಹುದು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಒಬ್ಬರು ಹ್ಯಾಂಡಲ್ಲನ್ನು ಹಿಡಿದುಕೊಳ್ಳಲಿ, ಸವಾರನು ಕುಳಿತುಕೊಳ್ಳಲಿ, ಇನ್ನೊಬ್ಬರು ಎಡಬಲಗಳಲ್ಲಿ ಅತಿ ಕೆಳಗಿರುವ ಭಾಗಗಳನ್ನು ಗುರುತಿಸಿ ನೆಲದಿಂದ ಅಳೆಯಲಿ. ಬಳಿಕ ಹಿಂದೆ ಕೂರುವವರನ್ನು ಕೂರಿಸಿ ಮತ್ತೆ ಅಳೆಯಲಿ. ಎರಡು ಅಂಕಿಗಳನ್ನೂ ಗೋಡೆಯ ಮೇಲೆ ಬರೆದಿಟ್ಟರೆ ಸಾಕು. ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಒಂದು ಉಂಗುರವು ಅನೇಕ ಗಾಡಿಗಳಲ್ಲಿರುವುದು; ಸಾಮಾನ್ಯವಾಗಿ ಐದು ಮೆಟ್ಟಿಲು. ಕೊಕ್ಕೆಯಾಕಾರದ ಪಾನದಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗು ಬಿಗಿದು ಹಿಂಭಾಗವು ಮೇಲಕ್ಕೇಳುವುದು. ಗಾಡಿಯನ್ನು ಕೊಂಡಾಗ ಉಪಕರಣದ ಚೀಲದಲ್ಲಿ ಆ ಪಾನವು ಬಂದಿರುವುದುಂಟು. ನಮ್ಮದು ಹದಿನಾಲ್ಕು ವರ್ಷಗಳ ಕಾಲ ಕಾಗದದ ಹೊದಿಕೆಯನ್ನೂ ಕಳಚದೆ ಸೀಟಿನ ಕೆಳಗೆ ಮಲಗಿದ್ದಿತು! ಎಡಬಲಗಳೆರಡರಲ್ಲಿಯೂ ಒಂದೇ ಮೆಟ್ಟಿಲಿಗೆ ಇಡತಕ್ಕದ್ದು. ಒಂದು ಹೆಚ್ಚು ಒಂದು ಕಡಮೆ ಆಗಕೂಡದು. ನಮ್ಮ ಗಾಡಿಯಲ್ಲಿ ಎರಡು ಮೆಟ್ಟಿಲು ಏರಿಸಿದ ಮೇಲೆ 17 ಇದ್ದುದು 19 ಆಯಿತು. ಇದರಿಂದ ಮತ್ತೊಂದು ಲಾಭವುಂಟು. ಹಿಂಭಾಗ ಕುಸಿದ ಗಾಡಿಯ ಮೂಗು ಮೇಲಕ್ಕೆ ಎದ್ದಿರುವುದರಿಂದ ಹ್ಯಾಂಡಲ್ಲು ಮಂದವಾಗುವುದು, ರಾತ್ರಿಯಲ್ಲಿ ದೀಪವು ರಸ್ತೆಯನ್ನು ಬಿಟ್ಟು ಎದುರು ಬರುವವರ ಕಣ್ಣನ್ನು ಬೆಳಗುವುದು. ಉಂಗುರವನ್ನು ಸರಿಮಾಡಿದರೆ ಇವೆರಡೂ ಬಹಳಮಟ್ಟಿಗೆ ತಪ್ಪುವುವು.

ಗಾಳಿಯ ವಿಷಯವೂ ಹೀಗೆಯೇ. ಒಬ್ಬರಿದ್ದಾಗ ಇಷ್ಟು, ಇಬ್ಬರಿದ್ದಾಗ ಇಷ್ಟು ಎಂದು ಗಾಡಿಯ ಕೈಪಿಡಿಯಲ್ಲಿಯೂ, ಅನೇಕವೇಳೆ ಚೈನಿನ ಕವಚದ ಮೇಲಣ ಚೀಟಿಯಲ್ಲಿಯೂ ಬರೆದಿರುವುದು. ಹಿಂದಿನ ಟಯರಿಗೆ ಇಬ್ಬರಿದ್ದಾಗ ಕೆಲವು ಪೌಂಡು ಹೆಚ್ಚು ಬೇಕು. ಪಂಚರ್ ಅಂಗಡಿಯಲ್ಲಿ “ಹಾಕಪ್ಪ, ಸಾಕಾಗುವಷ್ಟು” ಎನ್ನುವುದನ್ನು ಬಿಟ್ಟು ಅಂಕಿಯನ್ನು ಹೇಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ವೇಗವನ್ನು ಎಲ್ಲಿ ಇಳಿಸಬೇಕೆಂಬುದು. ತಿರುವು ಬರುವುದಕ್ಕೆ ಮೊದಲು, ಗಾಡಿಯು ಇನ್ನೂ ನೆಟ್ಟಗಿರುವಾಗಲೇ, ಎರಡು ಬ್ರೇಕುಗಳನ್ನೂ ಹದವಾಗಿ ಹಿಡಿದು, ಗೇರನ್ನು ಇಳಿಸಿ, ಬಳಿಕ ವಾಲಬೇಕು. ತಿರುವಿನೊಳಗೆ ಬ್ರೇಕಿನ ಆವಶ್ಯಕತೆಯೇ ಬಾರದಂತೆ ನಡೆಯುವುದು ಉತ್ತಮ. ಇಬ್ಬರ ತೂಕವಿರುವ ಗಾಡಿಯನ್ನು ನಿಲ್ಲಿಸುವುದಕ್ಕೆ ಹೆಚ್ಚು ದೂರ ಬೇಕಾದುದರಿಂದ ಬೇಗನೆ ಆರಂಭಿಸಬೇಕು. ಇಳಿಜಾರಿನಲ್ಲಿ ಇನ್ನೂ ಬೇಗನೆ. 2019ರ ಏಪ್ರಿಲ್ ಒಂದರಿಂದ ಮಾರಾಟವಾಗುವ 125 ಸಿ.ಸಿ.ಗೆ ಮೇಲ್ಪಟ್ಟ ಗಾಡಿಗಳಲ್ಲಿ ಚಕ್ರವು ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಇರಲೇಬೇಕೆಂಬ ವಿಧಿಯಿದೆ. ಅದು ಬಹೂಪಯೋಗಿಯಾದುದು ನಿಜ. ಆದರೆ ನೆಲಕ್ಕೆ ಒತ್ತಿದ ಕಬ್ಬಿಣವನ್ನು ಮೇಲಕ್ಕೆತ್ತುವ ಶಕ್ತಿಯು ಅದಕ್ಕಿಲ್ಲ. ಒಂದುವೇಳೆ ತಳದಲ್ಲಿ ಉಜ್ಜುವ ಸದ್ದು ಕೇಳಿಬಂದರೆ, ಗಾಬರಿಯಿಂದ ಬ್ರೇಕನ್ನು ತುಳಿಯದೆ, ಆಕ್ಸಲರೇಟರನ್ನು ಥಟ್ಟನೆ ಬಿಡದೆ, ಗಾಡಿಯನ್ನು ಮೆಲ್ಲನೆ ಒಂದಿಷ್ಟು ನೆಟ್ಟಗೆ ಮಾಡಿ ತಿರುವನ್ನು ತುಸು ಅಗಲಿಸಿಕೊಳ್ಳಬೇಕು. ಅಷ್ಟು ಅಗಲವು ಉಳಿದಿರಬೇಕಾದರೆ ಮೊದಲೇ ನಿಧಾನವಾಗಿ ಬಂದಿರಬೇಕು.

ಹಿಂದೆ ಕುಳಿತವರ ಕರ್ತವ್ಯವನ್ನು ಯಾರೂ ಅವರಿಗೆ ಹೇಳಿಕೊಡುವುದಿಲ್ಲ. ಅವರನ್ನು ಗಂಟುಮೂಟೆಯಂತೆ ಏರಿಸಿಕೊಂಡು ಹೋಗುವುದೇ ವಾಡಿಕೆ. ಗಾಡಿಯು ವಾಲಿದಾಗ ಭಯದಿಂದ ಮೈಯನ್ನು ಆಚೆಯ ಕಡೆಗೆ ಎಳೆದುಕೊಳ್ಳುವುದು ಮನುಷ್ಯಸ್ವಭಾವ. ಆದರೆ ಆರೋಹಿಯ ಮೈ ಹೊರಕ್ಕೆ ಸರಿದಷ್ಟೂ ಗುರುತ್ವಕೇಂದ್ರವು ಹೊರಕ್ಕೆ ಸರಿದು, ಅದೇ ವೇಗಕ್ಕೆ ಗಾಡಿಯು ಇನ್ನೂ ಹೆಚ್ಚಾಗಿ ವಾಲಬೇಕಾಗುವುದು. ಉಳಿದಿದ್ದ ಅಲ್ಪ ಅವಕಾಶವೂ ಹೀಗೆ ಕಳೆದುಹೋಗುವುದು. ಆದುದರಿಂದ ಹೊರಡುವ ಮುನ್ನ ಒಂದು ಮಾತು ಹೇಳಬೇಕು: ಎಡಕ್ಕೆ ತಿರುಗುವಾಗ ಸವಾರನ ಎಡಭುಜದ ಮೇಲಿಂದಲೂ, ಬಲಕ್ಕೆ ತಿರುಗುವಾಗ ಬಲಭುಜದ ಮೇಲಿಂದಲೂ ರಸ್ತೆಯನ್ನು ನೋಡುತ್ತಿರಿ ಎಂದು. ಹಾಗೆ ನೋಡಿದರೆ ಮೈ ತಾನಾಗಿಯೇ ಸರಿಯಾದ ಕಡೆಗೆ ಬರುವುದು. ಬೇರೆ ಅಭ್ಯಾಸ ಬೇಕಿಲ್ಲ. ಒಂದೇ ಕಡೆ ಕಾಲುಹಾಕಿ ಕುಳಿತವರಿಗೆ ಇದು ಸುಲಭವಲ್ಲ. ಅವರು ರಸ್ತೆಯನ್ನಲ್ಲ, ಪಕ್ಕದ ಹೊಲವನ್ನು ನೋಡುತ್ತಿರುವರು. ತಿರುವು ಬಂದುದು ಅವರಿಗೆ ತಿಳಿಯುವುದು ಗಾಡಿ ವಾಲಿದ ಮೇಲೆಯೇ. ಇಂಥ ಕುಳಿತುಕೊಳ್ಳುವಿಕೆಯಲ್ಲಿ ಸಭ್ಯತೆಯಿದೆಯೆಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮೇಲೆ ನಮಗೆ ಗೌರವವಿದೆ. ಆದರೆ ಮೂಳೆ ಮುರಿದುಕೊಂಡು ಒದ್ದಾಡುವುದರಲ್ಲಿ ಯಾವ ಸಭ್ಯತೆಯಿದೆಯೋ ನಾವು ಕಾಣೆವು.

ಕಾಯಿದೆಯೂ ಇಲ್ಲಿ ಮೂಕವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 128ನೆಯ ವಿಭಾಗದಂತೆ ಸವಾರನ ಹೊರತು ಒಬ್ಬರನ್ನು ಮಾತ್ರ, ಅದೂ ಭದ್ರವಾಗಿ ಕೂಡಿಸಿದ ಆಸನದ ಮೇಲೆ, ಕರೆದೊಯ್ಯಬಹುದು. 1989ರ ಕೇಂದ್ರ ನಿಯಮಗಳಲ್ಲಿ 123ನೆಯದು, ಹಿಂದೆ ಕುಳಿತವರಿಗೆ ಹಿಡಿಯುವುದಕ್ಕೊಂದು ಸ್ಥಿರವಾದ ಹಿಡಿಕೆಯನ್ನೂ, ಕಾಲಿಡಲು ಆಸರೆಯನ್ನೂ, ಬಟ್ಟೆಯು ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಮೆಯಿಲ್ಲದಷ್ಟನ್ನು ಮುಚ್ಚುವ ಕಾಪನ್ನೂ ವಿಧಿಸುತ್ತದೆ. ಸೀರೆ ಗಾರ್ಡು ಎಂದು ನಾವು ಹೇಳುವುದು ಈ ಕಾಪನ್ನೇ. ಅಂದವಿಲ್ಲವೆಂದು ಅದನ್ನು ಕೀಳಿಸಿ ಎಸೆಯುವ ತರುಣರು ಒಂದು ಕಡೆ. ಅದಕ್ಕೆ ಮಡಚದ ತಗಡನ್ನು ಬೆಸೆಯಿಸುವ ನಮ್ಮಂಥ ವೃದ್ಧರು ಇನ್ನೊಂದು ಕಡೆ. ಗಾರ್ಡು ಇರಲಿ, ತಗಡಿನ ಕೀಲು ಸಡಿಲವಾಗಿ ಆಡಲಿ. 2017ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಾರಿಗೆ ಇಲಾಖೆಯು 100 ಸಿ.ಸಿ.ಗಿಂತ ಕಡಮೆ ಶಕ್ತಿಯ ಹೊಸ ಗಾಡಿಗಳಲ್ಲಿ ಹಿಂಬದಿ ಆಸನವೇ ಕೂಡದೆಂಬ ಹಳೆಯ ನಿಯಮವನ್ನು ಜಾರಿಮಾಡಹೊರಟಾಗ ಮನೆಮನೆಯಲ್ಲಿಯೂ ಎದ್ದ ಚರ್ಚೆಯನ್ನು ವಾಚಕರು ಮರೆತಿರಲಾರರು. ಇಂಜಿನ್ನಿನ ಗಾತ್ರವನ್ನು ಕುರಿತು ಅಷ್ಟು ಮಾತುಗಳನ್ನು ಕೇಳಿದೆವು; ತಳಕ್ಕೂ ನೆಲಕ್ಕೂ ನಡುವಣ ನಾಲ್ಕು ಬೆರಳಿನ ತೆರಪನ್ನು ಕುರಿತು ಒಂದನ್ನೂ ಕೇಳಲಿಲ್ಲ.

ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ಅಪಾಯವನ್ನು ಹೇಳದಿದ್ದರೆ ಈ ಲೇಖನವು ಅಪೂರ್ಣವಾದೀತು. ರಾಗಿಯ ಸುಗ್ಗಿಯಲ್ಲಿ ಕಣ ಮಾಡುವ ಶ್ರಮವನ್ನು ಉಳಿಸಿಕೊಳ್ಳಲು ತೆನೆಯನ್ನು ಡಾಂಬರಿನ ರಸ್ತೆಯ ಮೇಲೆಯೇ ಹರವುವುದು ಹಳ್ಳಿಗಳಲ್ಲಿ ರೂಢಿಯಾಗಿಬಿಟ್ಟಿದೆ, ಹುರುಳಿಯನ್ನೂ ಹಾಗೆಯೇ. ಒಣಹುಲ್ಲಿನ ಮೇಲೆ ನೆಟ್ಟಗೆ ಹೋಗಬಹುದು, ವಾಲಿಕೊಂಡು ಹೋಗಲಾಗದು. ಕೆರೆಯ ಏರಿಯನ್ನು ಹತ್ತಿ ಕೋಡಿಯ ಬಳಿ ಹೊರಳುವ ಕಿರುದಾರಿಗಳಲ್ಲಿಯೂ, ಜಲ್ಲಿ ಮರಳಿನ ಟಿಪ್ಪರುಗಳು ತಿರುಗುವ ಕೂಡುರಸ್ತೆಗಳಲ್ಲಿಯೂ ಇದೇ ಎಚ್ಚರಿಕೆ ಬೇಕು. ಹುಲ್ಲು ಕಂಡರೆ ಹಿಂದಿನವರನ್ನು ಇಳಿಸಿ, ಹತ್ತು ಹೆಜ್ಜೆ ನಡೆಸಿ, ಆಚೆ ಮತ್ತೆ ಕೂರಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಇನ್ನು ಇಕ್ಕೆಲಗಳಲ್ಲಿ ಹಾಲಿನ ಕ್ಯಾನುಗಳನ್ನು ತೂಗಿಬಿಟ್ಟ ಗಾಡಿಗೆ ವಾಲುವ ಅವಕಾಶವು ಹೆಸರಿಗೆ ಮಾತ್ರ ಉಂಟು. ಅದರ ಮೇಲೆ ಮತ್ತೊಬ್ಬರನ್ನು ಕೂರಿಸಲೇಕೂಡದು.

ಮಕ್ಕಳ ವಿಷಯದಲ್ಲಿ 2023ರ ಫೆಬ್ರವರಿಯಿಂದ ಹೊಸ ನಿಯಮವು ಜಾರಿಯಲ್ಲಿದೆ. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಿಕೊಂಡು, ತಲೆಗೆ ಅದರ ಅಳತೆಯ ಹೆಲ್ಮೆಟ್ಟನ್ನು ತೊಡಿಸಿ, ಗಂಟೆಗೆ 40 ಕಿಲೋಮೀಟರಿಗೆ ಮೀರದಂತೆ ಹೋಗಬೇಕು. ಪಟ್ಟಿಯನ್ನು ನಾವು ನಮ್ಮೂರಿನಲ್ಲಿ ಕಂಡುದು ಅತಿ ಅಪರೂಪ. ನಮ್ಮ ಮೊಮ್ಮಗನಿಗೆ ಬೆಂಗಳೂರಿನಿಂದ ತರಿಸಿದೆವು.

ನಮ್ಮ ಮನೆಯವರು ಕೈ ಗುಣವಾದ ಮೇಲೆ ಒಂದು ವರ್ಷ ಗಾಡಿಯನ್ನು ಏರಲಿಲ್ಲ. ತವರಿಗೆ ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದರು. ಬಳಿಕ ಒಂದು ಬೆಳಗ್ಗೆ, ನಾವು ಅಂಗಳದಲ್ಲಿ ಕೊಕ್ಕೆಯ ಪಾನವನ್ನು ಹಿಡಿದು ಉಂಗುರವನ್ನು ತಿರುಗಿಸುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿ, “ಎರಡೂ ಕಡೆ ಸಮ ಇಟ್ಟಿರೋ?” ಎಂದು ಕೇಳಿದರು. ಇಟ್ಟಿದ್ದೇವೆಂದೆವು. ಒಳಗೆ ಹೋಗಿ ಮಗಳ ಸಲ್ವಾರನ್ನು ತೊಟ್ಟು, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಬಂದು, ಎರಡು ಪಕ್ಕಕ್ಕೂ ಕಾಲುಹಾಕಿ ಕುಳಿತರು. ಆ ದಿನ ದೇವನಹಳ್ಳಿಯವರೆಗೆ ಹೋಗಿಬಂದೆವು. ಎಡತಿರುವು ಬಂದಾಗಲೆಲ್ಲ ನಮ್ಮ ಎಡಭುಜದ ಮೇಲೆ ಅವರ ಹೆಲ್ಮೆಟ್ಟಿನ ಅಂಚು ಮೆಲ್ಲನೆ ತಾಕುತ್ತಿದ್ದಿತು.